ಹಳೆಯ ಕಾದಂಬರಿ ಹಿಡಿಸದ ವಿದ್ಯಾರ್ಥಿಗೆ: ಕೈಗೆ ಒಲಿದ ಕಲೆಯಿಂದ ಓದಿಗೆ ದಾರಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುವವರೆಲ್ಲರೂ ಕಂಡಿರುವ ಒಂದು ಬಗೆಯ ವಿದ್ಯಾರ್ಥಿಯಿದ್ದಾನೆ. ಅವನೋ ಅವಳೋ ಮಧ್ಯಾಹ್ನ ಊಟವಾದ ಮೇಲೆ ಚಿತ್ರ ಬರೆಯಲು, ಕಸೂತಿ ಹಾಕಲು ಅಥವಾ ಮಣ್ಣಿನಲ್ಲಿ ಗೊಂಬೆ ಮಾಡಲು ಕುಳಿತರೆ ಸಂಜೆಯವರೆಗೆ ತಲೆ ಎತ್ತುವುದಿಲ್ಲ; ಆದರೆ ಪಠ್ಯವಾಗಿ ಇಟ್ಟಿರುವ ಹಳೆಯ ಕಾದಂಬರಿಯನ್ನು ಕೈಗೆ ಕೊಟ್ಟರೆ ಇಪ್ಪತ್ತನೆಯ ಪುಟ ದಾಟುವುದರೊಳಗೆ ಪುಸ್ತಕ ಮುಚ್ಚಿಬಿಡುತ್ತಾರೆ. ಇದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ಗಂಟೆಗಟ್ಟಲೆ ಸೂಜಿಯ ಮೇಲೆ ಕಣ್ಣು ನೆಡುವ ತಾಳ್ಮೆ ಇರುವವರಿಗೆ ಓದಲು ಬೇಕಾದ ತಾಳ್ಮೆಯೂ ಇದ್ದೇ ಇದೆ. ಓದಿ ಮುಗಿಸಿದರೆ ಬಣ್ಣದ ಪೆಟ್ಟಿಗೆ ಕೊಡುತ್ತೇವೆ ಎನ್ನುವ ರೂಢಿಯನ್ನು ಬಿಟ್ಟು, ಆ ಬಣ್ಣದ ಪೆಟ್ಟಿಗೆಯನ್ನೇ ಓದಿನ ಸಾಧನವಾಗಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ನಿಮಗೆ ಹಿಡಿಸದೆ ಇರುವುದು ಏನೆಂದು ಪತ್ತೆ ಹಚ್ಚುವುದು. ಪೆನ್ಸಿಲ್ ಹಿಡಿದು ಮೊದಲ ಇಪ್ಪತ್ತು ಪುಟಗಳನ್ನು ಓದಿರಿ. ಅರ್ಥವಾಗದ ಪದದ ಪಕ್ಕದಲ್ಲಿ ಚುಕ್ಕೆ, ಯಾರು ಯಾರ ಸಂಬಂಧಿ ಎಂಬುದು ಗೊಂದಲವಾದ ಕಡೆ ಅಡ್ಡಗೆರೆ, ಬೇಸರ ಬಂದ ಕಡೆ ಸೊನ್ನೆ ಹಾಕುತ್ತ ಹೋಗಿರಿ. ನಮ್ಮ ಭಾಗದ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಚುಕ್ಕೆಗಳೇ ಹೆಚ್ಚಿರುತ್ತವೆ, ಅದಕ್ಕೆ ಸ್ಪಷ್ಟವಾದ ಕಾರಣವೂ ಇದೆ. 1933ರ ‘ಚೋಮನ ದುಡಿ’ ಕರಾವಳಿಯ ಕಡೆಯದು, 1936ರ ‘ಕಾನೂರು ಹೆಗ್ಗಡಿತಿ’ ಮಲೆನಾಡಿನದು. ಕಪ್ಪು ಮಣ್ಣಿನಲ್ಲಿ ತೊಗರಿ, ಜೋಳ ಬೆಳೆಯುವುದನ್ನು ನೋಡುತ್ತ, ಬೇಸಿಗೆಯಲ್ಲಿ ಭೀಮೆಯೂ ಕಾಗಿಣೆಯೂ ಬಡವಾಗುವುದನ್ನು ಕಾಣುತ್ತ ಬೆಳೆದವರಿಗೆ ಅಡಿಕೆ ತೋಟ, ಭತ್ತದ ಗದ್ದೆ, ತಿಂಗಳುಗಟ್ಟಲೆ ಸುರಿಯುವ ಮಳೆ ಇವುಗಳ ಚಿತ್ರ ಮನಸ್ಸಿನಲ್ಲಿ ಮೂಡುವುದಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಅಥವಾ ತೆಲುಗು ಆಡುವವರಿಗೆ ಈ ಕಷ್ಟ ಇಮ್ಮಡಿ. ಚಿತ್ರ ಮೂಡದ ಕಡೆ ಮನಸ್ಸು ನಿಲ್ಲುವುದಿಲ್ಲ, ಅದರಲ್ಲಿಯೂ ಕಣ್ಣಿನಿಂದಲೇ ಯೋಚಿಸುವ ಕಲಾವಿದ ಮನಸ್ಸು ಖಂಡಿತ ನಿಲ್ಲುವುದಿಲ್ಲ.

ಚುಕ್ಕೆಗಳು ಹೆಚ್ಚಾಗಿದ್ದರೆ ಒಂದು ವಾರದ ಮಟ್ಟಿಗೆ ಪಠ್ಯವನ್ನು ಬದಿಗಿಟ್ಟು, ಕಲಬುರಗಿ ಜಿಲ್ಲೆಯವರೇ ಆದ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಯ ಕೆಲವು ಅಧ್ಯಾಯಗಳನ್ನು ಓದಿರಿ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ನಮ್ಮ ಓಣಿಯ ಮಾತೇ ಅಚ್ಚಾಗಿದೆ. ನಮ್ಮ ಮಾತು ಕಾದಂಬರಿಯಾಗಬಲ್ಲದು ಎಂದು ಒಮ್ಮೆ ಕಂಡ ಮೇಲೆ, ಕರಾವಳಿಯವರ ಮಾತೂ ಅವರ ಓಣಿಯ ಮಾತೇ ಎಂಬುದು ತಾನಾಗಿ ತಿಳಿಯುತ್ತದೆ, ಅಪರಿಚಿತ ಪದಗಳ ಮೇಲಿನ ಮುನಿಸೂ ಇಳಿಯುತ್ತದೆ. ಪುಸ್ತಕವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದ್ದರೆ ಚಿಕ್ಕದರಿಂದ ಆರಂಭಿಸಿರಿ. ‘ಚೋಮನ ದುಡಿ’ ಗಾತ್ರದಲ್ಲಿ ಚಿಕ್ಕದು. ನೂರಾರು ಪುಟಗಳಲ್ಲಿ ಹಲವು ಊರು, ಹಲವು ಮನೆತನಗಳ ಜನ ಓಡಾಡುವ ‘ಮಲೆಗಳಲ್ಲಿ ಮದುಮಗಳು’ ಮೊದಲ ಓದಿಗೆ ತಕ್ಕುದಲ್ಲ.

ಚಿತ್ರ ಬರೆಯುವವರು ನಕ್ಷೆಯಿಂದ ತೊಡಗಬೇಕು. ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳೋಣ. ದೊಡ್ಡ ಹಾಳೆಯ ಮೇಲೆ ಚೋಮನ ಗುಡಿಸಲು, ಧಣಿಯ ಮನೆ, ಗದ್ದೆ, ದೂರದ ಕಾಫಿ ತೋಟ ಇವುಗಳಿಗೆ ಜಾಗ ಗುರುತಿಸಿರಿ. ಅನಂತರ ಒಂದು ದೃಶ್ಯವನ್ನು ಆಯ್ದುಕೊಂಡು ಜನರನ್ನು ನಿಲ್ಲಿಸಲು ಹೊರಡಿರಿ. ಧಣಿಯ ಅಂಗಳದಲ್ಲಿ ಚೋಮನನ್ನು ಎಲ್ಲಿ ನಿಲ್ಲಿಸುತ್ತೀರಿ? ಜಗುಲಿಯಿಂದ ಎಷ್ಟು ದೂರ? ಅವನ ತಲೆ ಬಾಗಿದೆಯೋ, ನೆಟ್ಟಗಿದೆಯೋ? ಈ ಪ್ರಶ್ನೆಗಳಿಗೆ ಊಹೆಯಿಂದ ಉತ್ತರಿಸಲಾಗದು, ಮತ್ತೆ ಪುಟ ತಿರುವಿ ಸಾಲುಗಳನ್ನು ಹುಡುಕಲೇಬೇಕು. ಹಾಗೆ ಹುಡುಕುವಾಗ ಓದುವ ಸಾಲು, ಪರೀಕ್ಷೆಗೆಂದು ಹತ್ತು ಸಲ ಬಾಯಿಪಾಠ ಮಾಡಿದ ಸಾಲಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಎತ್ತುಗಳಿದ್ದೂ ಸ್ವಂತ ಬೇಸಾಯಕ್ಕೆ ಭೂಮಿ ಸಿಗದ ಮನುಷ್ಯನ ಸಂಕಟವೇ ಈ ಕಾದಂಬರಿಯ ಜೀವಾಳ. ಗುಡಿಸಲಿನ ಪಕ್ಕದಲ್ಲಿ ಎತ್ತುಗಳನ್ನು ಬರೆದು, ಸುತ್ತಲಿನ ಗದ್ದೆಗಳಿಗೆಲ್ಲ ಬೇರೆಯವರ ಹೆಸರು ಬರೆದಾಗ, ಜಾತಿ ಎಂಬುದು ಆ ಊರಿನಲ್ಲಿ ಎಲ್ಲೆಲ್ಲಿ ಬೇಲಿ ಹಾಕಿದೆ ಎಂಬುದು ನಿಮ್ಮ ಕೈಯಿಂದಲೇ ಕಾಗದಕ್ಕೆ ಇಳಿಯುತ್ತದೆ. ಅಂಥ ಬೇಲಿಗಳು ನಮ್ಮ ಊರುಗಳಲ್ಲಿಯೂ ಇರುವುದರಿಂದ, ಕರಾವಳಿಯ ಕಥೆ ಅಷ್ಟೇನೂ ದೂರದ್ದಲ್ಲ ಎಂದು ಇಲ್ಲಿಯೇ ಅನೇಕರಿಗೆ ಹೊಳೆಯುತ್ತದೆ. ಇದನ್ನು ಬರೆದ ಶಿವರಾಮ ಕಾರಂತರು (1902–1997) ಯಕ್ಷಗಾನ, ಚಿತ್ರಕಲೆ, ಸಿನಿಮಾಗಳಲ್ಲಿಯೂ ಕೈಯಾಡಿಸಿದವರು ಎಂಬುದನ್ನು ಕಲಾಸಕ್ತ ವಿದ್ಯಾರ್ಥಿಗಳಿಗೆ ಹೇಳಿದರೆ ಅವರಿಗೆ ಲೇಖಕರು ತಮ್ಮವರೆನಿಸುತ್ತಾರೆ.

ಸೂಜಿ ದಾರ ಹಿಡಿಯುವವರಿಗೆ ಕೌದಿಯ ಕ್ರಮ ಒಪ್ಪುತ್ತದೆ. ಹಳೆಯ ಬಟ್ಟೆಯ ಅಂಗೈಯಗಲದ ತುಂಡುಗಳನ್ನು ಕತ್ತರಿಸಿಟ್ಟುಕೊಂಡು, ಒಂದೊಂದು ಅಧ್ಯಾಯ ಮುಗಿದ ಮೇಲೆ ಒಂದೊಂದು ತುಂಡನ್ನು ಜೋಡಿಸಿರಿ. ಬಣ್ಣವನ್ನು ಆ ಅಧ್ಯಾಯದ ಭಾವಕ್ಕೆ ತಕ್ಕಂತೆ ಆರಿಸಬೇಕು ಮತ್ತು ಏಕೆ ಆರಿಸಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಅಡ್ಡಗೆರೆಗಳೇ ಹೆಚ್ಚಾಗಿದ್ದ ಪುಸ್ತಕಕ್ಕೆ ಬೇರೆ ಉಪಾಯವಿದೆ: ಪ್ರತಿ ಮನೆತನಕ್ಕೂ ಒಂದು ಬಣ್ಣದ ದಾರ ಗೊತ್ತುಮಾಡಿ, ಇಬ್ಬರ ನಡುವೆ ಮದುವೆಯೋ ಜಗಳವೋ ಆದಲ್ಲಿ ಎರಡು ದಾರಗಳನ್ನು ಅಡ್ಡ ಹಾಯಿಸಿರಿ. ಕೌದಿ ಚೆಂದವಾಗಬೇಕೆಂಬ ಹಟ ಬೇಡ. ಚೆಂದದ ಕಡೆಗೆ ಗಮನ ಹೋದರೆ ಪುಸ್ತಕ ಹಿಂದೆ ಬೀಳುತ್ತದೆ.

ಕೈ ಕೆಲಸದಲ್ಲಿರುವಾಗ ಕಿವಿ ಬಿಡುವಾಗಿರುತ್ತದೆ ಎಂಬುದನ್ನು ಮರೆಯಬಾರದು. ನಾಲ್ವರು ಗೆಳೆಯರು ಅಧ್ಯಾಯಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಪರಸ್ಪರ ಕಳುಹಿಸಿಕೊಂಡರೆ ಸಾಕು. ಓದುವವರು ತಮ್ಮ ಪಾಲಿನ ಅಧ್ಯಾಯವನ್ನು ಅರ್ಥ ಮಾಡಿಕೊಳ್ಳದೆ ಗಟ್ಟಿಯಾಗಿ ಓದಲಾರರು, ಕೇಳುವವರಿಗೆ ಸೂಜಿ ಕೆಳಗಿಡುವ ಪ್ರಮೇಯವಿಲ್ಲ. ನಾಟಕದ ಒಲವಿರುವವರು ಸಂಭಾಷಣೆಗಳನ್ನು ಬೇರ್ಪಡಿಸಿ ಪಾತ್ರ ಹಂಚಿಕೊಂಡು ಆಡಬಹುದು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇಡೀ ರಾತ್ರಿಯ ನಾಟಕವಾಗಿ ಆಡಿದರು, ಜನ ಬೆಳಗಿನವರೆಗೆ ಕುಳಿತು ನೋಡಿದರು. ಕಲಬುರಗಿಯಲ್ಲಿಯೂ ರಂಗಾಯಣವಿದೆ, ಕಾಲೇಜಿನ ತಂಡವೊಂದು ಹೋಗಿ ಅಲ್ಲಿನ ತಾಲೀಮನ್ನು ನೋಡಲು ಅವಕಾಶ ಕೇಳುವುದರಲ್ಲಿ ಸಂಕೋಚ ಬೇಡ.

ಸೊನ್ನೆಗಳು, ಅಂದರೆ ಬೇಸರದ ಗುರುತುಗಳು, ಹೆಚ್ಚಾಗಿದ್ದವರು ಮೊದಲ ಓದಿನಲ್ಲಿಯೇ ಎಲ್ಲವನ್ನೂ ಹಿಡಿಯಲು ಹೋಗಬಾರದು. ಬೀದರಿನ ಬಿದ್ರಿ ಕುಶಲಕರ್ಮಿ ಸತುವು ಮತ್ತು ತಾಮ್ರದ ಎರಕಕ್ಕೆ ಮೊದಲೇ ಬೆಳ್ಳಿ ತುಂಬುವುದಿಲ್ಲ. ಗೀರು ಕಾಣಲೆಂದು ಮೈಲುತುತ್ತದ ನೀರು ಸವರಿ ಮೈಯನ್ನು ಕಪ್ಪಾಗಿಸಿ, ಅದರ ಮೇಲೆ ಹಗುರವಾಗಿ ವಿನ್ಯಾಸ ಗೀರಿ, ಉಳಿಯಿಂದ ಕೊರೆದು, ಆಮೇಲೆ ಬೆಳ್ಳಿಯ ತಂತಿ ಕೂರಿಸುತ್ತಾನೆ. ಓದಿನಲ್ಲಿಯೂ ಮೊದಲ ಸುತ್ತು ಅಂಥ ಗೀರಿನ ಸುತ್ತಾಗಿರಲಿ. ದೀರ್ಘ ವರ್ಣನೆಗಳನ್ನು ಕಣ್ಣಾಡಿಸಿ ದಾಟಿ, ಏನು ನಡೆಯಿತು ಎಂಬುದನ್ನಷ್ಟೇ ಹಿಡಿದು ಕೊನೆಯವರೆಗೆ ಹೋಗಿರಿ. ಎರಡನೆಯ ಸುತ್ತಿನಲ್ಲಿ ನಿಮ್ಮ ಚಿತ್ರಕ್ಕೋ ಕೌದಿಗೋ ಬೇಕಾದ ಭಾಗಗಳಿಗೆ ಮರಳಿ ಬಂದಾಗ, ಅದೇ ವರ್ಣನೆಗಳು ಬಣ್ಣ ಮತ್ತು ಬೆಳಕಿನ ಮಾಹಿತಿಯಾಗಿ ಉಪಯೋಗಕ್ಕೆ ಬರುತ್ತವೆ.

ಸಿನಿಮಾ ನೋಡುವುದು ತಪ್ಪಲ್ಲ, ಆದರೆ ಯಾವಾಗ ಎಂಬುದು ಮುಖ್ಯ. ಬಿ. ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ಯನ್ನು ತೆರೆಗೆ ತಂದರು. ಅದನ್ನು ಮೊದಲೇ ನೋಡಿದರೆ ನಿಮ್ಮ ಚೋಮನ ಮುಖ ಹುಟ್ಟುವ ಮುನ್ನವೇ ನಟನ ಮುಖ ಕುಳಿತುಬಿಡುತ್ತದೆ. ನಿಮ್ಮ ಚಿತ್ರಗಳು ಮುಗಿದ ಮೇಲೆ ನೋಡಿ, ಎರಡನ್ನೂ ಹೋಲಿಸಿರಿ.

ಪರೀಕ್ಷೆಯಲ್ಲಿ ಚಿತ್ರಕ್ಕೆ ಅಂಕ ಸಿಗುವುದಿಲ್ಲ ಎಂಬುದು ನಿಜ. ಆದ್ದರಿಂದ ಪ್ರತಿ ಚಿತ್ರದ ಅಥವಾ ತುಂಡಿನ ಹಿಂದೆ ಅಧ್ಯಾಯ, ಘಟನೆ, ಅದರ ಕಾರಣ, ಅದರ ಪರಿಣಾಮ ಇಷ್ಟನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ. ಅವುಗಳನ್ನು ಕ್ರಮವಾಗಿ ಜೋಡಿಸಿದರೆ ಹತ್ತು ಅಂಕದ ಉತ್ತರದ ಹಂದರ ಸಿದ್ಧವಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕಾದಂಬರಿ ಹಿಡಿಸದಿದ್ದರೆ ಹಿಡಿಸಲಿಲ್ಲವೆಂದೇ ಬರೆಯಬಹುದು. ಯಾವ ಪಾತ್ರದ ನಡತೆ ನಂಬುವಂತಿಲ್ಲ, ಯಾವ ಅಧ್ಯಾಯ ಎಳೆದಂತಿದೆ ಎಂಬುದನ್ನು ಪುಟದ ಆಧಾರ ಕೊಟ್ಟು ಹೇಳಿದ ಉತ್ತರ, ಗೈಡಿನಿಂದ ಇಳಿಸಿದ ಹೊಗಳಿಕೆಗಿಂತ ಎಷ್ಟೋ ಮೇಲು.

ತಂದೆತಾಯಿಗಳಲ್ಲಿ ಒಂದು ವಿನಂತಿ. ಅಂಕ ಕಡಿಮೆ ಬಂತೆಂದು ಮಕ್ಕಳ ಕುಂಚವನ್ನೋ ಕಸೂತಿಯ ಚೌಕಟ್ಟನ್ನೋ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿರಿ. ಕಲಬುರಗಿಯಲ್ಲಿ ಹುಟ್ಟಿದ ಕಲಾವಿದ ಎಸ್. ಎಂ. ಪಂಡಿತರು (1916–1993) ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಕ್ಯಾನ್ವಾಸಿಗೆ ತಂದವರು; ಕಥೆಯನ್ನು ಆಳವಾಗಿ ಬಲ್ಲವರಿಗಷ್ಟೇ ಪಾತ್ರದ ಕಣ್ಣಿನಲ್ಲಿ ಅಂಥ ಭಾವ ತರಲು ಸಾಧ್ಯ. ನಿಮ್ಮ ಮಗಳು ಬರೆದ ನಕ್ಷೆಯನ್ನು ಎದುರಿಗಿಟ್ಟುಕೊಂಡು, ಈ ಮನೆ ಯಾರದು, ಇವನೇಕೆ ಹೊರಗೆ ನಿಂತಿದ್ದಾನೆ ಎಂದು ಕೇಳಿರಿ, ಅವಳು ಹೇಳುವ ಕಥೆಯನ್ನು ನಡುವೆ ತಡೆಯದೆ ಪೂರ್ತಿಯಾಗಿ ಕೇಳಿಸಿಕೊಳ್ಳಿರಿ.