ರಾಗಿ ಮೂಟೆ ಹಿಂದೆ ಆರು ಬಾಟಲಿ ರೆಡ್ ವೈನ್

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿ. ತೋಟದಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ದ್ರಾಕ್ಷಿ ಮನೆಯಲ್ಲೇ ಹುಟ್ಟಿ ಬೆಳೆದರೂ ವೈನ್ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಮಾತು: ಹಳೆಯದಾದಷ್ಟೂ ರುಚಿ. ಎಲ್ಲರೂ ಹಾಗೇ ಹೇಳ್ತಾರೆ, ಅಲ್ವಾ?

ಅದನ್ನು ನಂಬಿ ಒಂದು ಒಳ್ಳೆಯ ಬಾಟಲಿಯನ್ನು ಬೀರುವಿನ ಮೇಲೆ ಎರಡು ವರ್ಷ ಇಟ್ಟೆ. ಮೇಲೆ ಶೀಟಿನ ಮಾಡು. ತೆರೆಯಲು ಹೋದಾಗ ಕಾರ್ಕ್ ಉಗುರಿನಷ್ಟು ಹೊರಗೆ ಬಂದಿತ್ತು. ಕತ್ತಿನ ಸುತ್ತ ಅಂಟಂಟು ಕೆಂಪು ಕಲೆ. ಲೋಟಕ್ಕೆ ಬಗ್ಗಿಸಿದರೆ ಇಟ್ಟಿಗೆ ಬಣ್ಣ, ಬೆಲ್ಲದ ಪಾಕದಲ್ಲಿ ಒಣದ್ರಾಕ್ಷಿ ಕುದಿಸಿದಂಥ ವಾಸನೆ. ಬಿಸಿಲಿಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳಿತ್ತು, ರಾತ್ರಿ ತಣ್ಣಗಾದಾಗ ಸಂದಿಯಲ್ಲಿ ಗಾಳಿ ಎಳೆದುಕೊಂಡಿತ್ತು. ವೈನ್ ಹಳೆಯದಾಗಿರಲಿಲ್ಲ, ಬೆಂದುಹೋಗಿತ್ತು. ತುಂಬಾ ಬೇಜಾರಾಯಿತು.

ಆಮೇಲೆ ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್ (ಎರಡು ಕಪ್ಪು ದ್ರಾಕ್ಷಿ ತಳಿಗಳನ್ನು ಬೆರೆಸಿದ) ವೈನನ್ನು ಒಂದೇ ವರ್ಷದ ಕೊಯ್ಲಿನದು ಆರು ಬಾಟಲಿ ತಂದೆ. ಸಾವಿರ ರೂಪಾಯಿ ಆಸುಪಾಸಿನದು. ಮೊದಲನೆಯದನ್ನು ಅವತ್ತೇ ತೆರೆದೆ. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು, ನಾಲಿಗೆ ಒಣಗಿತು. ಆ ಒಗರೇ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವಂಥದ್ದು. ಅರ್ಧ ಕುಡಿದು, ಕಾರ್ಕ್ ವಾಪಸ್ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮಾರನೇ ಸಂಜೆ ಸ್ವಲ್ಪ ಹೊತ್ತು ಹೊರಗಿಟ್ಟು ರುಚಿ ನೋಡಿದರೆ ಒಗರು ಮೆತ್ತಗಾಗಿತ್ತು, ನೇರಳೆ ಹಣ್ಣಿನ ಘಮ ಮೇಲೆ ಬಂದಿತ್ತು. ಇಷ್ಟು ದಿನದಲ್ಲಿ ನಾನು ಕಂಡುಕೊಂಡ ಅತಿ ಒಳ್ಳೆಯ ಪರೀಕ್ಷೆ ಇದೇ. ಒಂದು ರಾತ್ರಿ ಗಾಳಿ ತಾಕಿ ಇನ್ನೂ ಚೆನ್ನಾದರೆ ಆ ವೈನಿಗೆ ಕಾಯುವ ಶಕ್ತಿ ಇದೆ ಅಂತ ಲೆಕ್ಕ. ಮಾರನೇ ದಿನಕ್ಕೇ ಸಪ್ಪೆಯಾದರೆ ಉಳಿದದ್ದನ್ನು ಆ ವರ್ಷವೇ ಮುಗಿಸುತ್ತೇನೆ.

ಬರೀ ಒಗರಿದ್ದರೆ ಸಾಲದು. ಹಣ್ಣಿನ ರುಚಿ, ಹುಳಿ ಎರಡೂ ಗಟ್ಟಿಯಾಗಿರಬೇಕು. ಕಡಿಮೆ ಬೆಲೆಯ ವೈನಿನಲ್ಲಿ ಹಣ್ಣೇ ಮೊದಲು ಸೋಲುತ್ತದೆ, ಕೊನೆಗೆ ಒಣ ಒಗರು ಮಾತ್ರ ಉಳಿಯುತ್ತದೆ. ನಮ್ಮ ಬೆಂಗಳೂರು ಬ್ಲೂನಿಂದ ಮಾಡಿದ ಸಿಹಿ ವೈನನ್ನಂತೂ ನಾನು ಇಟ್ಟು ಹಳೆಯದು ಮಾಡುವುದಿಲ್ಲ. ಅದರ ಚೆಂದವೇ ಆ ತಾಜಾ ಘಮ.

ಇಡುವ ಜಾಗಕ್ಕೆ ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಅಲೆದೆ. ಏಪ್ರಿಲ್ ಮಧ್ಯಾಹ್ನ ಬೀರುವಿನ ಮೇಲೆ 36 ಡಿಗ್ರಿ. ಅಜ್ಜಿ ರಾಗಿ ಇಡುತ್ತಿದ್ದ ಒಳಕೋಣೆಯಲ್ಲಿ 26. ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಹಗಲು ರಾತ್ರಿ ಒಂದೇ ತಂಪು. ವೈನಿಗೆ ಬೇಕಾದದ್ದು 12ರಿಂದ 15 ಡಿಗ್ರಿ, ನಿಜ. ಆದರೆ ಏರಿಳಿತ ಇಲ್ಲದಿರುವುದೂ ಅಷ್ಟೇ ಮುಖ್ಯ. ಟೊಮೆಟೊ ಬಾಕ್ಸಿನಲ್ಲಿ ಹುಲ್ಲು ಹಾಸಿ, ಕಾರ್ಕ್ ಒಣಗದ ಹಾಗೆ ಬಾಟಲಿಗಳನ್ನು ಮಲಗಿಸಿದೆ. ತಿರುಪು ಮುಚ್ಚಳದವನ್ನು ಸುಮ್ನೆ ನಿಲ್ಲಿಸಿದರೂ ನಡೆಯುತ್ತದೆ.

ಆರು ತಿಂಗಳಿಗೊಂದು ತೆರೆದೆ. ಒಂದೂವರೆ ವರ್ಷದ ಬಾಟಲಿ ಎಲ್ಲಕ್ಕಿಂತ ಚೆನ್ನಾಗಿತ್ತು. ಅವತ್ತು ಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ. ಒಗರು ಸಾರಿನ ಖಾರಕ್ಕೆ ಅಡ್ಡ ಬರಲಿಲ್ಲ. ಎರಡು ವರ್ಷದ್ದೂ ಪರವಾಗಿಲ್ಲ. ಎರಡೂವರೆ ವರ್ಷದ ಕೊನೆಯ ಬಾಟಲಿಯಲ್ಲಿ ಹಣ್ಣು ಕಳೆದುಹೋಗಿತ್ತು. ತಣ್ಣನೆಯ ನೆಲಮಾಳಿಗೆ ಇದ್ದವರಿಗೆ ಇದೇ ವೈನ್ ಇನ್ನೂ ಜಾಸ್ತಿ ದಿನ ಬರುತ್ತದೆ. ನಮ್ಮ ಮನೆಗೆ, ತಂದ ದಿನದಿಂದ ಎರಡು ವರ್ಷವೇ ಗಡಿ.

ಆದರೆ ವೈನಿನ ನಿಜವಾದ ವಯಸ್ಸಿನ ಲೆಕ್ಕವನ್ನು ಲೇಬಲ್ಲಿನ ಕೊಯ್ಲಿನ ವರ್ಷದಿಂದ ಹಿಡಿಯಬೇಕು, ಕೊಂಡ ದಿನದಿಂದಲ್ಲ. ಇನ್ನೊಂದು, ನಮ್ಮ ಕಡೆ ವೈನ್ ದ್ರಾಕ್ಷಿ ಕೊಯ್ಲು ವರ್ಷದ ಮೊದಲ ತಿಂಗಳುಗಳಲ್ಲಿ, ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಸುಮಾರಿಗೆ. ಲೇಬಲ್ಲಿನಲ್ಲಿ ಒಂದೇ ವರ್ಷ ಇದ್ದರೂ ನಮ್ಮದು ಅರ್ಧ ವರ್ಷ ಹಿರಿಯದು.

ಕುಡಿಯುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡುತ್ತೇನೆ. ರೆಡ್ ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವುದು ಚಳಿ ದೇಶದ ಮನೆಗಳ ಮಾತು.

ಈಗ ರಾಗಿ ಮೂಟೆ ಹಿಂದೆ ಹೊಸ ಕಂತಿನ ಮೂರು ಬಾಟಲಿ ಮಲಗಿವೆ. ಒಂದೊಂದರ ಮೇಲೂ ತೆರೆಯಬೇಕಾದ ತಿಂಗಳು ಬರೆದು ಚೀಟಿ ಅಂಟಿಸಿದ್ದೇನೆ. ಮೊದಲನೆಯದರ ಸರದಿ ದೀಪಾವಳಿ ಕಳೆದ ಮೇಲೆ.