ಮಂಡಿಯ ಸುತ್ತ ಎಂಟು ಸೂಜಿ: ನನ್ನ ಅನುಭವ

ಅಡಿಕೆ ಕೊಯ್ಲಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಹಿರಿಯರೊಬ್ಬರು ಮಲೆನಾಡಿನ ನನ್ನ ಚಿಕಿತ್ಸಾಲಯಕ್ಕೆ ಮೊದಲ ಸಲ ಬಂದರು. ವಯಸ್ಸು 58. ಎರಡೂ ಮಂಡಿಗಳಲ್ಲಿ ನೋವಿದ್ದರೂ ಬಲಗಾಲಿನದು ಹೆಚ್ಚು. ತಂದಿದ್ದ ಎಕ್ಸ್‌ರೇಯಲ್ಲಿ ಬಲಮಂಡಿಯ ಒಳಬದಿಯ ಸಂದು ಕಿರಿದಾಗಿರುವುದು ಎದ್ದು ಕಾಣುತ್ತಿತ್ತು. ಕೈಚೀಲವನ್ನು ಮೇಜಿನ ಮೇಲೆ ಸುರಿಯಲು ಹೇಳಿದಾಗ ರಕ್ತದೊತ್ತಡದ ಮಾತ್ರೆಯ ಜೊತೆಗೆ ಅರ್ಧ ಖಾಲಿಯಾಗಿದ್ದ, ನೋವಿನ ಮಾತ್ರೆ ಡೈಕ್ಲೋಫೆನಾಕ್‌ನ ಪಟ್ಟಿಯೂ ಹೊರಬಿತ್ತು. "ದಿನಾ ಇದೊಂದು ನುಂಗಿದ್ರೆ ಮಾತ್ರ ಏಳ್ಬೋದು ಡಾಕ್ಟ್ರೇ. ಸುಲಿಯೋ ಕೆಲ್ಸ ಮುಗಿಯೋ ತನಕ ಸೂಜಿ ಚುಚ್ಚಿ ಹೇಗಾದ್ರೂ ಓಡ್ಸಿಕೊಡಿ" ಎಂದರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ರಾತ್ರಿ ಹತ್ತರವರೆಗೆ ಕೂರುವವರ ಮಂಡಿ ಹೇಗಿರುತ್ತದೆಂಬುದನ್ನು ನಾನು ಬಾಲ್ಯದಿಂದಲೂ ನಮ್ಮ ಮನೆಯ ಅಂಗಳದಲ್ಲೇ ನೋಡಿದ್ದೇನೆ. ಆದ್ದರಿಂದ ಅವರ ಬೇಡಿಕೆ ನನಗೆ ಅರ್ಥವಾಯಿತು. ಆದರೆ ಅದನ್ನು ಅವರು ಹೇಳಿದ ರೂಪದಲ್ಲೇ ಒಪ್ಪಿಕೊಳ್ಳಲು ಸಾಧ್ಯವಿರಲಿಲ್ಲ.

ನಾನು ಓದಿದ್ದು ದಕ್ಷಿಣ ಕನ್ನಡದಲ್ಲಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬಿ.ಎನ್.ವೈ.ಎಸ್., ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ. ಅದರ ಪಠ್ಯದಲ್ಲಿ ಅಕ್ಯುಪಂಕ್ಚರ್, ಅಂದರೆ ದೇಹದ ಗೊತ್ತಾದ ಬಿಂದುಗಳಿಗೆ ಸೂಜಿ ಚುಚ್ಚುವ ಚೀನಿ ಚಿಕಿತ್ಸೆ, ಒಂದು ವಿಷಯ. ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದರ ಹಿಂದೆ ಒಂದು ಕಥೆಯಿದೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದದ್ದು ಅನೇಕರಿಗೆ ಗೊತ್ತು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆ ಕಲಿತು ಕಲ್ಕತ್ತಾದಲ್ಲಿ ಆರಂಭಿಸಿದರೆಂಬುದು ಅಷ್ಟಾಗಿ ಗೊತ್ತಿಲ್ಲ. 2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ವೈದ್ಯ ಪದ್ಧತಿಯೆಂದಲ್ಲ, ನೋಂದಾಯಿತ ವೈದ್ಯರು ಮತ್ತು ಸೂಕ್ತ ತರಬೇತಿ ಪಡೆದವರು ಬಳಸಬಹುದಾದ ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. ನನ್ನ ಮಟ್ಟಿಗೆ ಆ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ.

ಕಾಲೇಜಿನಲ್ಲಿ ಮೊದಲು ಚುಚ್ಚಿದ್ದು ಸೋಪಿನ ಬಿಲ್ಲೆಗೆ, ಆಮೇಲೆ ಮೂಸಂಬಿಗೆ, ಮೂರನೆಯದಾಗಿ ನಮ್ಮದೇ ಕಾಲಿಗೆ. ಮಂಡಿಚಿಪ್ಪಿನ ಕೆಳಗೆ, ಹೊರಬದಿಯ ಗುಳಿಯಿಂದ ನಾಲ್ಕು ಬೆರಳಗಲ ಇಳಿದು, ಮಂಡಿಯ ಕೆಳಗಿನ ಉದ್ದ ಮೂಳೆಯ ಏಣಿನಿಂದ ಒಂದು ಬೆರಳು ಆಚೆಗೆ ಸರಿದರೆ ಸಿಗುವ ಬಿಂದುವಿಗೆ ಚೀನಿಯರು ಝು ಸಾನ್ ಲಿ ಎನ್ನುತ್ತಾರೆ. ಲಿ ಎಂಬುದು ನಮ್ಮ ಹರಿದಾರಿಯಂತೆ ಅವರ ಹಳೆಯ ದೂರದ ಅಳತೆ. ದಣಿದ ಪಯಣಿಗ ಅಲ್ಲಿ ಪ್ರಚೋದಿಸಿಕೊಂಡರೆ ಇನ್ನೂ ಮೂರು ಲಿ ನಡೆಯಬಲ್ಲ ಎಂಬುದು ಹೆಸರಿನ ಹಿಂದಿನ ನಂಬಿಕೆ. ಅಳೆಯುವುದಕ್ಕೆ ರೋಗಿಯ ಬೆರಳೇ ಮಾನದಂಡವಾಗಿರಬೇಕೇ ಹೊರತು ವೈದ್ಯರ ಬೆರಳಲ್ಲ. ಆಯುರ್ವೇದದ ಸ್ವಾಂಗುಲ ಪ್ರಮಾಣ ಕೇಳಿ ಬೆಳೆದವರಿಗೆ ಇದು ಹೊಸದೇನೂ ಅಲ್ಲ.

ಆ ಹಿರಿಯರಿಗೆ ಮೊದಲ ದಿನ ನಾನು ಒಂದು ಸೂಜಿಯನ್ನೂ ಚುಚ್ಚಲಿಲ್ಲ. ನೋವು ಹೊತ್ತು ಬಂದವರಿಗೆ ಇದರಿಂದ ನಿರಾಸೆಯಾಗುತ್ತದೆಂದು ಗೊತ್ತಿದ್ದರೂ, ನಡೆಸಿ ನೋಡುವುದು, ಮಂಡಿ ಎಷ್ಟು ಮಡಚುತ್ತದೆ, ಬಾವು ಅಥವಾ ಬಿಸಿ ಇದೆಯೇ, ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತಿದ್ದಾರೆಯೇ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದೆಯೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ವಿಚಾರಿಸುವುದು, ಇವೆಲ್ಲ ಮುಗಿಯುವವರೆಗೆ ಸೂಜಿಯ ಪೊಟ್ಟಣ ಒಡೆಯುವುದಿಲ್ಲ. ಈ ಪದ್ಧತಿ ನನಗೆ ಬಂದದ್ದು ಪುಸ್ತಕದಿಂದಲ್ಲ. ನಾನು ಕೆಲಸ ಶುರುಮಾಡಿದ ಎರಡನೆಯ ವರ್ಷ, ಸೊಂಟನೋವೆಂದು ಸುಮಾರು 40ರ ಒಬ್ಬರು ನಡು ಹಿಡಿದುಕೊಂಡು ಬಂದರು. ಮಲಗಿಸಿ, ಬೆನ್ನು ಒರೆಸಿ, ಸೂಜಿ ಕೈಗೆತ್ತಿಕೊಂಡಿದ್ದೆ. ಆಗ ಅವರು ಸಂಕೋಚದಿಂದ, ಬೆಳಿಗ್ಗೆಯಿಂದ ಮೂತ್ರ ಕಟ್ಟಿದೆ, ಕೂರುವ ಜಾಗ ಮರಗಟ್ಟಿದಂತಿದೆ ಎಂದರು. ಬೆನ್ನುಹುರಿಯ ಕೆಳತುದಿಯ ನರಗುಚ್ಛವನ್ನು ಡಿಸ್ಕ್ ಒತ್ತುತ್ತಿರುವ ಲಕ್ಷಣವದು. ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಸ್ಥಿತಿ. ಸೂಜಿ ಕೆಳಗಿಟ್ಟು, ಚೀಟಿ ಬರೆದು, ಅದೇ ಕ್ಷಣ ವಾಹನ ಮಾಡಿಸಿ ಶಿವಮೊಗ್ಗಕ್ಕೆ ಕಳುಹಿಸಿದೆ. ಅವರಾಗಿಯೇ ಬಾಯಿಬಿಡದಿದ್ದರೆ ನಾನು ಕೇಳುತ್ತಿರಲಿಲ್ಲ ಎಂಬ ಸತ್ಯ ಬಹಳ ದಿನ ನನ್ನನ್ನು ಕಾಡಿತು. ಈಗ ಸೊಂಟನೋವಿನ ಪ್ರತಿಯೊಬ್ಬರಿಗೂ ನನ್ನ ಮೊದಲ ಪ್ರಶ್ನೆಯೇ ಅದು.

ಎರಡನೆಯ ದಿನ ಮಂಡಿನೋವಿನ ಆ ಹಿರಿಯರು ತಿಂಡಿ ತಿಂದೇ ಬಂದಿದ್ದರು; ಖಾಲಿ ಹೊಟ್ಟೆಯಲ್ಲಿ ಬರಬೇಡಿ ಎಂದು ಹೇಳಿ ಕಳುಹಿಸಿದ್ದೆ. ಮಂಚದ ಮೇಲೆ ಅಂಗಾತ ಮಲಗಿಸಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರುವವರೆಗೆ ಕಾದೆ. ಹಸಿಯಿರುವಾಗಲೇ ಚುಚ್ಚಿದರೆ ಉರಿಯುತ್ತದೆ. ನಾನು ಬಳಸುವ ಸೂಜಿ ಕಾಲು ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದ, ಒಮ್ಮೆ ಬಳಸಿ ಎಸೆಯುವಂಥದ್ದು. ಇಂಜೆಕ್ಷನ್ ಸೂಜಿಯಂತೆ ಇದಕ್ಕೆ ಒಳಗೆ ಟೊಳ್ಳಿಲ್ಲ, ಮದ್ದೂ ಇಲ್ಲ. ಇದನ್ನು ಹೇಳದೆ ಚುಚ್ಚಿದರೆ "ಯಾವ ಔಷಧಿ ಹಾಕಿದ್ರಿ" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಮಂಡಿಚಿಪ್ಪಿನ ಕೆಳಗಿನ ಎರಡು ಗುಳಿಗಳಲ್ಲಿ ಎರಡು, ಚಿಪ್ಪಿನ ಮೇಲೆ ತೊಡೆಯ ಒಳಬದಿಗೊಂದು ಹೊರಬದಿಗೊಂದು, ಕೆಳಗೆ ಝು ಸಾನ್ ಲಿ, ಅದರಾಚೆ ಕಿರುಮೂಳೆಯ ತಲೆಯ ಮುಂದೆ ಒಂದು, ಒಳಬದಿಯಲ್ಲಿ ಮೂಳೆ ಬಾಗುವ ಜಾಗದಲ್ಲೊಂದು, ಕೊನೆಯದು ಕಾಲಗಂಟಿನ ಒಳಗುಬ್ಬಿನಿಂದ ನಾಲ್ಕು ಬೆರಳು ಮೇಲೆ, ಹೀಗೆ ಎಂಟು. ಪ್ಲಾಸ್ಟಿಕ್ ಕೊಳವೆಯ ಮೂಲಕ ಸೂಜಿಯ ತಲೆಯನ್ನು ಬೆರಳಿನಿಂದ ತಟ್ಟಿದಾಗ ಚರ್ಮ ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ. ಆಮೇಲೆ ನಿಧಾನವಾಗಿ ಇಳಿಸುತ್ತಾ ತಿರುಗಿಸುತ್ತಾ ಹೋದಾಗ ಸ್ನಾಯು ಸೂಜಿಯನ್ನು ಹಿಡಿದುಕೊಂಡಂತೆ ನನ್ನ ಬೆರಳಿಗೆ ತಿಳಿಯಿತು. ಅದೇ ಹೊತ್ತಿಗೆ ಅವರು "ಜುಂ ಅಂತು, ಕಾಲು ಭಾರ ಆಯ್ತು" ಎಂದರು. ಚೀನಿಯರು ದೆ ಚಿ ಎನ್ನುವುದು ಇದಕ್ಕೇ. ಇಪ್ಪತ್ತೈದು ನಿಮಿಷ ಹಾಗೆಯೇ ಬಿಟ್ಟು, ನಡುವೆ ಒಮ್ಮೆ ತಿರುಗಿಸಿ, ತೆಗೆದ ಮೇಲೆ ಹತ್ತಿಯಿಂದ ಒತ್ತಿ ಹಿಡಿದೆ.

ಕೆಲಸವೇನೋ ಇಷ್ಟೇ, ಆದರೆ ಈ ಬಿಂದುಗಳ ಬಗ್ಗೆ ನನಗಿದ್ದ ವಿಶ್ವಾಸ ಈಗ ಮೊದಲಿನಂತಿಲ್ಲ. ಬಿಂದು ಒಂದು ಬೆರಳು ತಪ್ಪಿದರೂ ಫಲ ತಪ್ಪುತ್ತದೆಂದು ನಾನು ಕಲಿತಿದ್ದೆ. ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ದೀರ್ಘಕಾಲದ ಸೊಂಟನೋವಿನ 1162 ರೋಗಿಗಳನ್ನು ಮೂರು ಗುಂಪು ಮಾಡಿತ್ತು: ಒಂದಕ್ಕೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಜಾಗಗಳಲ್ಲಿ ಮೇಲೆಮೇಲೆ ಚುಚ್ಚಿದ ಹುಸಿ ಸೂಜಿ, ಮೂರನೆಯದಕ್ಕೆ ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಇದನ್ನು ಮೊದಲ ಸಲ ಓದಿದಾಗ ಯಾವ ಅಂಕಿಗೆ ಸಂತೋಷಪಡಬೇಕು, ಯಾವುದಕ್ಕೆ ದುಃಖಪಡಬೇಕು ಎಂದು ತಿಳಿಯಲಿಲ್ಲ. ಸೂಜಿ ರೂಢಿಯ ಚಿಕಿತ್ಸೆಯನ್ನು ಮೀರಿಸಿತ್ತು. ನಾನು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ ನಕ್ಷೆ ಮಾತ್ರ ಹುಸಿ ನಕ್ಷೆಗಿಂತ ಹೆಚ್ಚೇನೂ ಮುಂದಿರಲಿಲ್ಲ. ಮುಂದೆ ಸುಮಾರು ಇಪ್ಪತ್ತು ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ, ನಿಜವಾದ ಸೂಜಿ ಹುಸಿ ಸೂಜಿಗಿಂತ ಉತ್ತಮವೇ, ಆದರೆ ಅಂತರ ಸಣ್ಣದು ಎಂದಿತು. ಮಂಡಿ ಸವೆತದ ವಿಷಯದಲ್ಲಂತೂ ತಜ್ಞರೇ ಒಮ್ಮತದಲ್ಲಿಲ್ಲ: ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ ಷರತ್ತಿನೊಂದಿಗೆ ಸೂಚಿಸಿದ ಇದೇ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರಲ್ಲಿ ಕೊಡಬೇಡಿ ಎಂದಿತು.

ಹಾಗಾದರೆ ನಾನೇಕೆ ಚುಚ್ಚುತ್ತೇನೆ? ಸೂಜಿ ಚುಚ್ಚಿದಾಗ ನರಗಳು ಪ್ರಚೋದನೆಗೊಂಡು ದೇಹ ತನ್ನದೇ ನೋವುನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಬಿಡುಗಡೆ ಮಾಡುತ್ತದೆ ಎಂಬುದಕ್ಕೆ 1970ರ ದಶಕದಿಂದಲೂ ಆಧಾರಗಳಿವೆ. ಇನ್ನು ಇಪ್ಪತ್ತೈದು ನಿಮಿಷ ಯಾರ ಕರೆಗೂ ಓಗೊಡದೆ ಮಲಗುವುದು, ಮುಟ್ಟಿ ನೋಡುವ ಕೈ, ಸಾವಧಾನವಾಗಿ ಕೇಳುವ ಕಿವಿ, ಇವುಗಳ ಪಾಲೂ ಇದೆ. ಆ ಪಾಲನ್ನು ನಾನೀಗ ಅವಮಾನವೆಂದು ಭಾವಿಸುವುದಿಲ್ಲ. ನನ್ನ ಲೆಕ್ಕ ಬೇರೆ: ರಕ್ತದೊತ್ತಡವಿರುವವರು ದಿನವೂ ಡೈಕ್ಲೋಫೆನಾಕ್ ನುಂಗಿದರೆ ಒತ್ತಡ ಏರುತ್ತದೆ, ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಸೂಜಿಯಿಂದ ಆ ಮಾತ್ರೆ ವಾರಕ್ಕೆ ಏಳರಿಂದ ಎರಡಕ್ಕೆ ಇಳಿದರೆ, ತೊಡೆಯ ಸ್ನಾಯುವಿನ ವ್ಯಾಯಾಮ ಮಾಡುವಷ್ಟು ನೋವು ತಗ್ಗಿದರೆ, ನನ್ನ ಕೆಲಸ ಆದಂತೆಯೇ. ನಾನು ಈ ಚಿಕಿತ್ಸೆಯನ್ನು ಪೂರಕ ಎನ್ನುವುದು ಇಷ್ಟು ಅರ್ಥದಲ್ಲಿ.

ಪೂರಕ ಎಂಬ ಈ ಪದವನ್ನು ಉದಾಸೀನ ಮಾಡಿದವರಿಂದ ಆಗುವ ಅನಾಹುತವನ್ನೂ ನೋಡಿದ್ದೇನೆ. ಬೇರೆ ಊರಿನ ಶಿಬಿರವೊಂದರಲ್ಲಿ, ಸೂಜಿ ಹಾಕಿಸಿಕೊಂಡ ಮೇಲೆ ಸಕ್ಕರೆ ಮಾತ್ರೆ ಬೇಡವೆಂದು ಯಾರೋ ಹೇಳಿದ್ದನ್ನು ನಂಬಿ ಎರಡು ತಿಂಗಳು ಮಾತ್ರೆ ಬಿಟ್ಟಿದ್ದ ಒಬ್ಬರು ಹೆಬ್ಬೆರಳಿನಲ್ಲಿ ಮಾಗದ ಹುಣ್ಣಿನೊಂದಿಗೆ ನನ್ನಲ್ಲಿಗೆ ಬಂದರು. ಬಂದದ್ದು ಮತ್ತೆ ಸೂಜಿಗೇ. ಅಂಥ ಕಾಲಿಗೆ ಸೂಜಿ ತಾಗಿಸುವಂತೆಯೇ ಇಲ್ಲ. ಮೈಗ್ರೇನ್, ಕುತ್ತಿಗೆ ಸೆಳೆತ, ಕ್ಯಾನ್ಸರ್ ಔಷಧಿಯಿಂದ ಬರುವ ವಾಕರಿಕೆಗೆ ಮಣಿಕಟ್ಟಿನ ಮೇಲಿನ ಬಿಂದು, ಇವುಗಳಲ್ಲಿ ನಾನು ಧೈರ್ಯದಿಂದ ಮುಂದುವರಿಯುತ್ತೇನೆ. ಸಕ್ಕರೆ ಕಾಯಿಲೆ ವಾಸಿ ಮಾಡಿ, ಈಗಷ್ಟೇ ಹೊಡೆದ ಪಾರ್ಶ್ವವಾಯುವಿಗೆ ಮೊದಲು ಸೂಜಿ ಹಾಕಿ ಎಂದರೆ ಕೈಮುಗಿದು ಆಸ್ಪತ್ರೆಯ ದಾರಿ ತೋರಿಸುತ್ತೇನೆ.

ನನ್ನ ಕೈಯಿಂದಲೂ ತಪ್ಪುಗಳಾಗಿವೆ. ಹೆಗಲು ನೋವೆಂದು ಬಂದ ಯುವಕನೊಬ್ಬನನ್ನು ಊಟ ಆಗಿದೆಯೇ ಎಂದು ಕೇಳದೆ ಕುರ್ಚಿಯಲ್ಲೇ ಕೂರಿಸಿ ಚುಚ್ಚಿದೆ. ಮೂರನೆಯ ಸೂಜಿಗೆ ಮುಖ ಬಿಳಚಿಕೊಂಡು, ಬೆವರೊಡೆದು ಜಾರಿಬಿದ್ದ. ಸೂಜಿಗಳನ್ನೆಲ್ಲ ತೆಗೆದು, ಮಲಗಿಸಿ ಕಾಲೆತ್ತಿ ಹಿಡಿದು, ಎಚ್ಚರವಾದ ಮೇಲೆ ಬೆಲ್ಲದ ನೀರು ಕುಡಿಸಿದೆ. ಅಂದಿನಿಂದ ಮೊದಲ ಸಿಟ್ಟಿಂಗ್‌ನಲ್ಲಿ ಯಾರನ್ನೂ ಕೂರಿಸಿ ಚುಚ್ಚಿಲ್ಲ. ಹೆಗಲ ಮೇಲಿನ ಬಿಂದುವಿನ ಕೆಳಗೇ ಶ್ವಾಸಕೋಶದ ತುದಿಯಿರುವುದರಿಂದ ಅಲ್ಲಿ ಸ್ನಾಯುವನ್ನು ಬೆರಳುಗಳಲ್ಲಿ ಎತ್ತಿ ಹಿಡಿದು, ಸೂಜಿಯನ್ನು ಓರೆಯಾಗಿ, ಮೇಲೆಮೇಲೆ ಮಾತ್ರ ಇಳಿಸುತ್ತೇನೆ. ಇನ್ನೊಂದು ಪ್ರಸಂಗದಲ್ಲಿ ನಗುವೂ ನಾಚಿಕೆಯೂ ಬೆರೆತಿವೆ. ತಲೆನೋವಿಗೆ ನಡುನೆತ್ತಿಯಲ್ಲಿ ಹಾಕಿದ್ದ ಸೂಜಿ ದಟ್ಟ ಕೂದಲಿನ ನಡುವೆ ಹಾಗೆಯೇ ಉಳಿದು, ಸಂಜೆ ಅವರು ಫೋನ್ ಮಾಡಿ "ತಲೆ ಬಾಚೋವಾಗ ಒಂದು ಸೂಜಿ ಸಿಕ್ತು ಡಾಕ್ಟ್ರೇ, ಇನ್ನೂ ಇದ್ಯಾ ನೋಡ್ಲಾ?" ಎಂದು ಕೇಳಿದರು. ಈಗ ರೋಗಿಯ ಕಾರ್ಡಿನಲ್ಲಿ ಹಾಕಿದ ಸಂಖ್ಯೆ, ತೆಗೆದ ಸಂಖ್ಯೆ ಎಂಬ ಎರಡು ಕಾಲಂಗಳಿವೆ; ಎರಡೂ ಸರಿಹೊಂದಿದ ಮೇಲೆಯೇ ಸೂಜಿಗಳು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ ಹೋಗುತ್ತವೆ.

ಆ ಹಿರಿಯರಿಗೆ ವಾರಕ್ಕೆರಡರಂತೆ ಹತ್ತು ಸಿಟ್ಟಿಂಗ್ ಆದವು. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಪ್ರತಿ ಸಲ ಕೇಳಿ ಬರೆದಿಟ್ಟಿದ್ದೆ: ಮೊದಲ ದಿನ ಎಂಟು, ನಾಲ್ಕನೆಯ ಸಲವೂ ಏಳೇ, ಆರನೆಯದಕ್ಕೆ ಐದು, ಕೊನೆಗೆ ನಾಲ್ಕು. ನೋವಿನ ಮಾತ್ರೆ ವಾರಕ್ಕೆ ಎರಡಕ್ಕೆ ಬಂತು. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದೆಂದು ಸೊಸೆಗೂ ಹೇಳಿದ್ದೆ. ಮೆಟ್ಟುಗತ್ತಿಯನ್ನು ಎತ್ತರದ ಹಲಗೆಗೆ ಜೋಡಿಸಿ, ಸ್ಟೂಲಿನ ಮೇಲೆ ಕಾಲಿಳಿಬಿಟ್ಟು ಕೂರುವಂತೆ ಮಾಡಿಸಿದ್ದು ಅವರ ಮಗ. ನೋವು ಇಳಿದದ್ದರಲ್ಲಿ ಆ ಹಲಗೆಯ ಪಾಲು ಎಷ್ಟು, ನನ್ನ ಎಂಟು ಸೂಜಿಗಳ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಮೆಟ್ಟಿಲು ಇಳಿಯುವಾಗಿನ ನೋವು ಹಾಗೆಯೇ ಇದೆ, ಎಕ್ಸ್‌ರೇಯಲ್ಲಿ ಕಿರಿದಾದ ಸಂದು ಸೂಜಿಯಿಂದ ಹಿಗ್ಗುವುದಿಲ್ಲ. ಈ ಸಲದ ಸುಲಿತ ಮುಗಿಸಿ, ಅಡಿಕೆ ಒಣಗಿಸಿ ಚೀಲ ಕಟ್ಟಿದ ಮೇಲೆ ಮೂಳೆ ತಜ್ಞರನ್ನು ಕಾಣುವುದೆಂದು ಒಪ್ಪಿದ್ದಾರೆ. ಆ ತಜ್ಞರಿಗೆ ಕೊಡಬೇಕಾದ ಪತ್ರವನ್ನು ಬರೆದು, ಹತ್ತು ದಿನಗಳ ಅಂಕಗಳನ್ನೂ ಸೇರಿಸಿ, ಕಾರ್ಡಿನ ಜೊತೆ ಇಟ್ಟಿದ್ದೇನೆ.