36ರಿಂದ 59ಕ್ಕೆ: ಅಂಗವೈಕಲ್ಯದ ಪರ್ಸೆಂಟೇಜ್ ತಿದ್ದಿಸಿದ ನನ್ನ ಅನುಭವ

ನನ್ನ ಬಲಗಾಲಿಗೆ ಪೋಲಿಯೊ. ಹಳೇ ಸರ್ಟಿಫಿಕೇಟಿನಲ್ಲಿ 55 ಪರ್ಸೆಂಟ್ ಇತ್ತು. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಹೊಸದಾಗಿ ತಪಾಸಣೆ ಮಾಡಿದಾಗ ಅದು 36 ಆಯಿತು. ಪೋಲಿಯೊ ಕಾಲು ವಯಸ್ಸಾದಂತೆ ವಾಸಿಯಾಗುತ್ತದೆ ಅಂತ ಯಾರೂ ಹೇಳಿದ್ದು ಕೇಳಿಲ್ಲ.

40ರ ಕೆಳಗೆ ಇಳಿದರೆ ಎಲ್ಲಾ ಹೋದಂತೆಯೇ. ಸರ್ಕಾರ ಕೊಡುವ ತಿಂಗಳಿಗೆ 800 ರೂಪಾಯಿ ಅಂಗವಿಕಲ ವೇತನ ನಿಂತಿತು, ರಿಯಾಯಿತಿ ಬಸ್ ಪಾಸೂ ಹೋಯಿತು. ಡಾಕ್ಟರ ಹತ್ತಿರ ಹೋಗಿ ಜಗಳ ಆಡು ಅಂದರು ಕೆಲವರು. ಅಲ್ಲಿ ಕ್ಯೂ ನೋಡಿದ್ದೆನಲ್ಲ, ಜಗಳದಿಂದ ಏನೂ ಆಗಲ್ಲ ಅನ್ನಿಸಿತು. ನನಗೆ ಬೇಕಾಗಿದ್ದದ್ದು 36 ಹೇಗೆ ಬಂತು ಅನ್ನುವ ಲೆಕ್ಕ.

ಅದಕ್ಕೆ ಆರ್‌ಟಿಐ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ನನ್ನ ತಪಾಸಣಾ ಹಾಳೆಯ ಪ್ರತಿ ಕೊಡಿ ಅಂತ ಒಂದೇ ಕೋರಿಕೆ. ನಮ್ಮ ರಾಜ್ಯದಲ್ಲಿ ಅರ್ಜಿ ಸಾಮಾನ್ಯವಾಗಿ 150 ಪದ ದಾಟುವಂತಿಲ್ಲ, ಹಾಗಾಗಿ ಗೋಳು ತೋಡಿಕೊಳ್ಳೋಕೂ ಜಾಗ ಇರಲ್ಲ. ಒಳ್ಳೆಯದೇ ಆಯಿತು.

ಹಾಳೆ ಬಂದ ಮೇಲೆ ಕೇಂದ್ರ ಸರ್ಕಾರದ 2018ರ ಜನವರಿಯ ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. (2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿದೆ, ಈಗ ಹೋಗುವವರು ಅದನ್ನೇ ನೋಡಬೇಕು.) ಕಾಲಿನ ಲೆಕ್ಕದಲ್ಲಿ ಎರಡು ಭಾಗ. ಒಂದು ಚಲನೆ: ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ. ಇನ್ನೊಂದು ಸ್ಥಿರತೆ. ಇದಕ್ಕೆ ಒಂಬತ್ತು ಪರೀಕ್ಷೆ: ಸಮನೆಲ, ಇಳಿಜಾರು, ಮೆಟ್ಟಿಲು, ಎರಡು ಕಾಲಲ್ಲಿ ನಿಲ್ಲುವುದು, ಊನದ ಕಾಲಲ್ಲಿ ನಿಲ್ಲುವುದು, ಕುಕ್ಕರಗಾಲು, ಚಕ್ಕಳಮಕ್ಕಳ, ಮಂಡಿಯೂರುವುದು, ತಿರುಗುವುದು. ಆಗದ ಒಂದೊಂದಕ್ಕೂ ಹತ್ತು. ಎರಡು ಭಾಗಗಳನ್ನು ಸುಮ್ನೆ ಕೂಡುವುದಿಲ್ಲ, ಅದಕ್ಕೊಂದು ಸೂತ್ರ ಇದೆ. ನನ್ನ ಹಾಳೆಯಲ್ಲಿ ಚಲನೆ 20, ಸ್ಥಿರತೆ 20. ಸೂತ್ರಕ್ಕೆ ಹಾಕಿದರೆ 36. ಗಣಿತ ಸರಿಯಾಗಿಯೇ ಇತ್ತು.

ತಪ್ಪು ಬೇರೆ ಕಡೆ ಇತ್ತು. ಮೆಟ್ಟಿಲು, ಇಳಿಜಾರು ಎರಡೂ ‘ಆಗುತ್ತದೆ’ ಅಂತ ಟಿಕ್ ಆಗಿದ್ದವು. ತಪಾಸಣೆ ನಡೆದದ್ದು ನೆಲಮಹಡಿಯ ಕೋಣೆಯಲ್ಲಿ. ಅಲ್ಲಿ ಮೆಟ್ಟಿಲೇ ಇರಲಿಲ್ಲ! ಕಾಲು ಎಷ್ಟು ಗಿಡ್ಡ ಅನ್ನುವ ಕಾಲಂ ಖಾಲಿ. ನಾನು ಅಟ್ಟೆ ದಪ್ಪ ಮಾಡಿಸಿದ ಶೂ ಹಾಕುತ್ತೇನೆ, ಅದನ್ನು ಬಿಚ್ಚಿಸಿಯೇ ಇರಲಿಲ್ಲ. ನನ್ನ ಕಾಲು ಒಂದೂವರೆ ಇಂಚು ಗಿಡ್ಡ. ಮೊದಲ ಅರ್ಧ ಇಂಚು ಲೆಕ್ಕಕ್ಕಿಲ್ಲ, ಆಮೇಲೆ ಪ್ರತಿ ಅರ್ಧ ಇಂಚಿಗೆ ನಾಲ್ಕು. ಅಂದರೆ ಎಂಟು. ಅದೊಂದು ಕಾಲಂ ತುಂಬಿದ್ದರೂ 44 ಆಗುತ್ತಿತ್ತು, ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಯಾರಿಗೆ ಕೊಡಬೇಕು ಅಂತ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೆ. ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಜೊತೆಗೆ ಬಂದಿದ್ದರು, ಇಂಥ ಕೆಲಸಕ್ಕೆ ಅವರಷ್ಟು ಆಗಿಬರುವವರು ಇಲ್ಲ. ಅರ್ಜಿ ಒಂದೇ ಪುಟ. ಕಷ್ಟಸುಖ ಬರೆಯಲಿಲ್ಲ, ಡಾಕ್ಟರನ್ನು ದೂರಲೂ ಇಲ್ಲ. ‘ಮೆಟ್ಟಿಲು, ಇಳಿಜಾರು ಪರೀಕ್ಷೆ ಮಾಡಿಲ್ಲ, ಉದ್ದ ಅಳೆದಿಲ್ಲ, ಮರುತಪಾಸಣೆ ಕೋರುತ್ತೇನೆ’, ಇಷ್ಟೇ. ಹಳೇ ಸರ್ಟಿಫಿಕೇಟ್, ಆರ್‌ಟಿಐ ಪ್ರತಿ ಲಗತ್ತಿಸಿ, ಸೀಲು ಹಾಕಿಸಿ ಸ್ವೀಕೃತಿ ತಗೊಂಡೆ.

ಮರುತಪಾಸಣೆ ಬೇರೆ ಆಸ್ಪತ್ರೆಯಲ್ಲಾಯಿತು. ಡಾಕ್ಟರು ಶೂ ಬಿಚ್ಚಿಸಿ, ಮಂಚದ ಮೇಲೆ ಮಲಗಿಸಿ, ಸೊಂಟದ ಮೂಳೆಯಿಂದ ಪಾದದ ಗಂಟಿನ ಒಳಬದಿಯವರೆಗೆ ಟೇಪು ಹಿಡಿದು ಎರಡೂ ಕಾಲು ಅಳೆದರು. ಆಮೇಲೆ ಕಂಬಿ ಮುಟ್ಟದೆ ಮೆಟ್ಟಿಲು ಹತ್ತಿ ಅಂದರು. ಎರಡನೇ ಮೆಟ್ಟಿಲಿಗೇ ಕೈ ತೊಡೆಯ ಮೇಲೆ ಹೋಯಿತು. ‘ಸಾಕು, ಇಳಿಯಿರಿ’ ಅಂತ ಬರೆದುಕೊಂಡರು. ರ‍್ಯಾಂಪಿನ ಮೇಲೂ ಅದೇ ಕಥೆ.

ಚಲನೆ 20, ಸ್ಥಿರತೆ 40, ಸೂತ್ರಕ್ಕೆ ಹಾಕಿದರೆ 51. ಅದಕ್ಕೆ ಗಿಡ್ಡದ 8 ಸೇರಿತು. ಒಟ್ಟು 59. ಕಾರ್ಡ್ ಬಿಳಿಯಿಂದ ಹಳದಿಗೆ ಬಂತು. ವೇತನ ಮತ್ತೆ ಶುರುವಾಗಿದೆ. ನಡುವೆ ನಿಂತ ತಿಂಗಳುಗಳ ಬಾಕಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ, ಅದಿನ್ನೂ ಇತ್ಯರ್ಥ ಆಗಿಲ್ಲ.